ಅಪರಾಧಿಗೂ ಸಲ್ಲಬೇಕಾದ ನ್ಯಾಯ: ಸದ್ದಾಮ್ ವಿಚಾರಣೆಯನ್ನು ಇಂದಿಗೂ ಏಕೆ ವಿರೋಧಿಸಬೇಕು?

2006ರ ಡಿಸೆಂಬರ್ 30ರಂದು ಅರಬ್ ಜಗತ್ತಿನ ಬಹುಭಾಗದಲ್ಲಿ ಈದುಲ್ ಅಝ್‌ಹಾ. ವಿಶ್ವಾಸಿಗಳು ಈದ್ ನಮಾಝಿಗೆ ಸಿದ್ಧರಾಗುತ್ತಿದ್ದ ಆ ಮುಂಜಾವಿನಲ್ಲಿ, ಬಗ್ದಾದಿನ ಕಾಝಿಮಿಯ್ಯಃ ಪ್ರದೇಶದ ಸೇನಾ ಕಟ್ಟಡವೊಂದರಲ್ಲಿ ಇರಾಕಿನ ಪದಚ್ಯುತ ಅಧ್ಯಕ್ಷ ಸದ್ದಾಮ್ ಹುಸೈನ್‌ರನ್ನು ಗಲ್ಲಿಗೇರಿಸಲಾಯಿತು. ಕೊರಳಿಗೆ ಕುಣಿಕೆ ಬಿದ್ದ ಮನುಷ್ಯನನ್ನು ಅಲ್ಲಿ ನೆರೆದಿದ್ದವರು ಹೀಯಾಳಿಸುತ್ತಿದ್ದ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ಸೆರೆಹಿಡಿದರು. ಸ್ವಲ್ಪ ಸಮಯದಲ್ಲೇ ಅದನ್ನು ಇಡೀ ಜಗತ್ತು ನೋಡಿತು. ಅಪರಾಧಿಯ ಧರ್ಮದ ಹಬ್ಬದ ದಿನಗಳಲ್ಲಿ ಮರಣದಂಡನೆ ಜಾರಿಗೊಳಿಸಬಾರದೆಂದು ಇರಾಕಿನ ಕಾನೂನೇ ವಿಧಿಸಿತ್ತು. ಕಾನೂನಿನ ಹೆಸರಿನಲ್ಲಿ ನಡೆದ ಆ ಕೊನೆಯ ಕೃತ್ಯವೂ ಕಾನೂನನ್ನು ಮುರಿದೇ ನಡೆಯಿತು.

ಆ ದಿನದ ಕುರಿತು ನಮ್ಮ ನಡುವೆ ಇಂದಿಗೂ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಸಾಮ್ರಾಜ್ಯಶಾಹಿಗೆ ಎದುರಾಗಿ ನಿಂತು ಪ್ರಾಣ ಕೊಟ್ಟ ವೀರನೆಂದು ಸದ್ದಾಮ್‌ರನ್ನು ಕೊಂಡಾಡುವವರದು ಒಂದು ಮಾತು. ಸಾವಿರಾರು ಜನರ ರಕ್ತ ಹರಿಸಿದವನಿಗೆ ತಕ್ಕ ಶಾಸ್ತಿಯಾಯಿತು, ವಿಚಾರಣೆ ಹೇಗೆ ನಡೆದರೇನು ಎನ್ನುವವರದು ಇನ್ನೊಂದು. ಇವೆರಡೂ ತಪ್ಪು. ಮೊದಲನೆಯದು ಮರ್ದಿತರಿಗೆ ಮಾಡುವ ದ್ರೋಹ. ಎರಡನೆಯದು ನ್ಯಾಯಕ್ಕೆ ಮಾಡುವ ದ್ರೋಹ. ಸದ್ದಾಮ್ ನಿರಪರಾಧಿಯೆಂಬ ಭಾವನೆಯಿಂದ ಆ ವಿಚಾರಣೆಯನ್ನು ವಿರೋಧಿಸಬೇಕಾಗಿಲ್ಲ. ಆತನ ಅಪರಾಧಗಳು ಅಷ್ಟೊಂದು ಘೋರವಾಗಿದ್ದುದರಿಂದಲೇ ಅವುಗಳ ವಿಚಾರಣೆಯು ಕಳಂಕರಹಿತವಾಗಿ ನಡೆಯಬೇಕಿತ್ತು. ಅದು ಹಾಗೆ ನಡೆಯಲಿಲ್ಲವೆಂಬುದೇ ನಮ್ಮ ಪ್ರತಿಭಟನೆಯ ಆಧಾರವಾಗಿರಬೇಕು.

ಮೊದಲು ಆ ಅಪರಾಧಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡೋಣ. 1980ರಲ್ಲಿ ಇರಾನಿನ ಮೇಲೆ ಸಾರಿದ ಯುದ್ಧ ಎಂಟು ವರ್ಷ ನಡೆಯಿತು. ಎರಡೂ ಕಡೆಗಳಲ್ಲಿ ಲಕ್ಷಾಂತರ ಜೀವಗಳು ಬಲಿಯಾದವು. ಆ ಯುದ್ಧದಲ್ಲಿ ಇರಾಕಿ ಸೇನೆಯು ವಿಷಾನಿಲವನ್ನು ಪದೇ ಪದೇ ಬಳಸಿತು. 1988ರಲ್ಲಿ ಕುರ್ದ್ ಜನರ ವಿರುದ್ಧ ನಡೆದ ಕಾರ್ಯಾಚರಣೆಯಲ್ಲಿ ಹಳ್ಳಿಗಳನ್ನು ನೆಲಸಮಗೊಳಿಸಿ, ಹೆಂಗಸರು ಮಕ್ಕಳೆನ್ನದೆ ಜನರನ್ನು ಮರುಭೂಮಿಗೆ ಒಯ್ದು ಸಾಮೂಹಿಕ ಗೋರಿಗಳಲ್ಲಿ ಹೂಳಲಾಯಿತು. ಸತ್ತವರು ಕನಿಷ್ಠ 50 ಸಾವಿರವೆಂದು ಮಾನವ ಹಕ್ಕು ಸಂಘಟನೆಗಳು ಅಂದಾಜಿಸಿವೆ. 1,82,000 ಎಂಬುದು ಕುರ್ದರ ಲೆಕ್ಕ. ಆ ನರಮೇಧಕ್ಕೆ ಇಟ್ಟ ಹೆಸರು ‘ಅನ್ಫಾಲ್’! ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರನ್ನು ಮುಸ್ಲಿಮರನ್ನೇ ಕೊಲ್ಲುವ ಕಾರ್ಯಾಚರಣೆಗೆ ಅಂಟಿಸಿದ ಧಾರ್ಷ್ಟ್ಯವನ್ನು ಯಾವ ವಿಶ್ವಾಸಿ ಮರೆಯಬಲ್ಲ? ಅದೇ ವರ್ಷ ಮಾರ್ಚ್ 16ರಂದು ಹಲಬ್ಜ ಪಟ್ಟಣದ ಮೇಲೆ ಸುರಿದ ವಿಷಾನಿಲಕ್ಕೆ ಸುಮಾರು 5 ಸಾವಿರ ಮಂದಿ ಬೀದಿಗಳಲ್ಲಿ, ಮನೆಯ ಹೊಸ್ತಿಲುಗಳಲ್ಲಿ ಸತ್ತುಬಿದ್ದರು. 1990ರಲ್ಲಿ ಕುವೈತನ್ನು ನುಂಗಲಾಯಿತು. 1991ರಲ್ಲಿ ದಂಗೆಯೆದ್ದ ದಕ್ಷಿಣದ ಶಿಯಾಗಳನ್ನು ಹೊಸಕಿಹಾಕಲಾಯಿತು. ಇಂತಹ ವ್ಯಕ್ತಿಯನ್ನು ಉಮ್ಮತ್ತಿನ ನಾಯಕನೆಂದು ಕರೆಯುವವರು ಹಲಬ್ಜದ ತಾಯಂದಿರ ಮುಂದೆ ನಿಂತು ಆ ಮಾತನ್ನು ಹೇಳಬಲ್ಲರೇ?

ಇಷ್ಟೆಲ್ಲ ಅಪರಾಧಗಳಿದ್ದರೂ ಸದ್ದಾಮ್‌ರನ್ನು ಗಲ್ಲಿಗೇರಿಸಿದ್ದು ಇವುಗಳಲ್ಲಿ ಯಾವುದಕ್ಕೂ ಅಲ್ಲ, ದುಜೈಲ್ ಪ್ರಕರಣಕ್ಕೆ. 1982ರ ಜುಲೈ 8ರಂದು ಬಗ್ದಾದಿನ ಉತ್ತರಕ್ಕಿರುವ ದುಜೈಲ್ ಎಂಬ ಊರಿನಲ್ಲಿ ಸದ್ದಾಮ್‌ರ ವಾಹನ ಸಾಲಿನ ಮೇಲೆ ಗುಂಡಿನ ದಾಳಿ ನಡೆಯಿತು. ಅದರ ಪ್ರತೀಕಾರವಾಗಿ ನೂರಾರು ಜನರನ್ನು ಬಂಧಿಸಿ ಚಿತ್ರಹಿಂಸೆಗೊಳಪಡಿಸಲಾಯಿತು. ಕುಟುಂಬಗಳನ್ನು ಮರುಭೂಮಿಗೆ ಅಟ್ಟಲಾಯಿತು. ಖರ್ಜೂರದ ತೋಟಗಳನ್ನು ಕಡಿದುಹಾಕಲಾಯಿತು. 1984ರಲ್ಲಿ ‘ಕ್ರಾಂತಿ ನ್ಯಾಯಾಲಯ’ವೆಂಬ ಹೆಸರಿನ ಸಂಸ್ಥೆಯೊಂದು 148 ಮಂದಿಗೆ ಮರಣದಂಡನೆ ವಿಧಿಸಿತು. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಕೆಲವರು ತೀರ್ಪು ಬರುವ ಮೊದಲೇ ಹಿಂಸೆಯಿಂದ ಸತ್ತಿದ್ದರು. ಆ ತೀರ್ಪಿಗೆ ಸದ್ದಾಮ್ ಸಹಿ ಹಾಕಿದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ದುಜೈಲಿನ ಅಪರಾಧವೇನು? ಜನರನ್ನು ಕೊಂದದ್ದು ಮಾತ್ರವಲ್ಲ, ನ್ಯಾಯಾಲಯದ ವೇಷದಲ್ಲಿ ಕೊಂದದ್ದು. ಆರೋಪಿಗೆ ಬಾಯಿಬಿಡಲು ಅವಕಾಶ ಕೊಡದೆ, ವಕೀಲನಿಗೆ ಬೆಲೆ ಕೊಡದೆ, ಮೊದಲೇ ನಿಶ್ಚಯಿಸಿದ ಶಿಕ್ಷೆಯನ್ನು ತೀರ್ಪೆಂದು ಓದಿದ್ದು. ಆ ಕ್ರಾಂತಿ ನ್ಯಾಯಾಲಯದ ಮುಖ್ಯಸ್ಥನಾಗಿದ್ದ ಅವ್ವಾದ್ ಅಲ್ ಬಂದರ್‌ನನ್ನೂ ಸದ್ದಾಮ್‌ರೊಂದಿಗೆ ಕಟಕಟೆಯಲ್ಲಿ ನಿಲ್ಲಿಸಿ ಗಲ್ಲಿಗೇರಿಸಲಾಯಿತು. ಅಂದರೆ, ಅನ್ಯಾಯದ ವಿಚಾರಣೆ ನಡೆಸುವುದು ಮನುಕುಲದ ವಿರುದ್ಧದ ಅಪರಾಧವಾಗಬಲ್ಲದು ಎಂಬುದೇ ಆ ಮೊಕದ್ದಮೆಯ ತಿರುಳಾಗಿತ್ತು. ಇಂತಹ ಮೊಕದ್ದಮೆಯನ್ನು ನಡೆಸುವವರಿಗೆ ತಮ್ಮ ವಿಚಾರಣೆಯು ಎಲ್ಲ ಸಂಶಯಗಳಿಗೂ ಅತೀತವಾಗಿರಬೇಕೆಂಬ ಹೊಣೆ ಬೇರೆಲ್ಲರಿಗಿಂತ ಹೆಚ್ಚಾಗಿತ್ತು. ಅವರು ಆ ಹೊಣೆಯನ್ನು ಹೇಗೆ ನಿರ್ವಹಿಸಿದರು?

ನ್ಯಾಯಾಲಯದ ಹುಟ್ಟನ್ನೇ ನೋಡಿ. 2003ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ದಾಳಿ ಮಾಡಿದವು. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಅಸ್ತ್ರಗಳು ಸಿಗಲಿಲ್ಲ. ಆ ಯುದ್ಧ ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧವೆಂದು ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ 2004ರಲ್ಲಿ ಹೇಳಿದರು. ಹೀಗೆ ನೆಲವನ್ನು ಆಕ್ರಮಿಸಿದ ಶಕ್ತಿಗಳೇ 2003ರ ಡಿಸೆಂಬರ್ 10ರಂದು ‘ಇರಾಕಿ ವಿಶೇಷ ನ್ಯಾಯಮಂಡಳಿ’ಯ ಕಾನೂನನ್ನು ಹೊರಡಿಸಲು ಅಧಿಕಾರ ನೀಡಿದವು. ಮೂರು ದಿನಗಳ ಬಳಿಕ ಸದ್ದಾಮ್ ಸೆರೆಸಿಕ್ಕರು. ಆ ಕಾನೂನಿನಲ್ಲಿದ್ದ ನರಮೇಧ, ಯುದ್ಧಾಪರಾಧ, ಮನುಕುಲದ ವಿರುದ್ಧದ ಅಪರಾಧ ಎಂಬ ವ್ಯಾಖ್ಯೆಗಳೆಲ್ಲ ಅಂತಾರಾಷ್ಟ್ರೀಯ ಕಾನೂನಿನಿಂದ ಬಂದವು. ಹಣ, ತನಿಖಾ ನೆರವು, ಭದ್ರತೆ ಎಲ್ಲವೂ ಅಮೆರಿಕದ್ದು. ಕೈದಿ ಕೊನೆಯ ಗಳಿಗೆಯವರೆಗೆ ಇದ್ದದ್ದು ಅಮೆರಿಕನ್ ಸೈನಿಕರ ಕಾವಲಿನಲ್ಲಿ. ಪೀಠದ ಮೇಲೆ ಮಾತ್ರ ಇರಾಕಿನ ನ್ಯಾಯಾಧೀಶರಿದ್ದರು. ಹೀಗಾಗಿ ಅದು ವಿಶ್ವಸಮುದಾಯದ ನಿಷ್ಪಕ್ಷ ನ್ಯಾಯಾಲಯವೂ ಆಗಲಿಲ್ಲ, ಸ್ವತಂತ್ರ ರಾಷ್ಟ್ರವೊಂದರ ಸ್ವಂತ ನ್ಯಾಯಾಲಯವೂ ಆಗಲಿಲ್ಲ. 2005ರಲ್ಲಿ ಇರಾಕಿನ ಸಂಸತ್ತು ಅದಕ್ಕೆ ಹೊಸ ಹೆಸರು, ಹೊಸ ಕಾನೂನು ಕೊಟ್ಟಿತಾದರೂ ಬೇರು ಬದಲಾಗಲಿಲ್ಲ.

ಆ ಕಾನೂನಿನ ವ್ಯಾಪ್ತಿ ಇನ್ನೂ ಗಮನಾರ್ಹ. 1968ರ ಜುಲೈ 17ರಿಂದ 2003ರ ಮೇ 1ರವರೆಗೆ ನಡೆದ ಅಪರಾಧಗಳಿಗೆ ಮಾತ್ರ ಅದು ಅನ್ವಯ. ಇರಾಕಿ ಪ್ರಜೆಗಳು ಅಥವಾ ನಿವಾಸಿಗಳ ಮೇಲೆ ಮಾತ್ರ ಅದರ ಅಧಿಕಾರ. ಬಾಂಬು ಸುರಿಸಿದ ವಿದೇಶಿ ಸೇನೆಗಳು ಅದರ ಹೊರಗೆ. ಅದರ ಜೊತೆಗೆ, ಆಕ್ರಮಣಕಾರಿ ಆಡಳಿತವು ತನ್ನ ಸಿಬ್ಬಂದಿಗೆ ಇರಾಕಿ ಕಾನೂನಿನಿಂದ ರಕ್ಷಣೆ ನೀಡುವ ಪ್ರತ್ಯೇಕ ಆದೇಶವನ್ನೂ ಹೊರಡಿಸಿಕೊಂಡಿತ್ತು. ಅಬೂ ಗುರೈಬ್ ಸೆರೆಮನೆಯಲ್ಲಿ ಕೈದಿಗಳನ್ನು ಬೆತ್ತಲೆಗೊಳಿಸಿ ಹಿಂಸಿಸಿದ ಚಿತ್ರಗಳು 2004ರಲ್ಲಿ ಹೊರಬಂದಾಗ ಯಾವ ಇರಾಕಿ ನ್ಯಾಯಾಲಯಕ್ಕೂ ಆ ಸೈನಿಕರನ್ನು ಕರೆಸುವ ಅಧಿಕಾರವಿರಲಿಲ್ಲ. ಒಂದೇ ಸೆರೆಮನೆ. ಅದರೊಳಗೆ ಸದ್ದಾಮ್‌ನ ಅಧಿಕಾರಿ ಹಿಂಸಿಸಿದರೆ ಮನುಕುಲದ ವಿರುದ್ಧದ ಅಪರಾಧ. ವಿದೇಶಿ ಸೈನಿಕ ಹಿಂಸಿಸಿದರೆ ಅವನ ಸೇನೆಯ ಆಂತರಿಕ ವಿಷಯ. ಇದನ್ನು ನ್ಯಾಯವೆಂದು ಕರೆಯಲು ಹೇಗೆ ಸಾಧ್ಯ?

ವಿಚಾರಣೆಯು 2005ರ ಅಕ್ಟೋಬರ್ 19ರಂದು ಪ್ರಾರಂಭವಾಯಿತು. ಮರುದಿನವೇ ಪ್ರತಿವಾದಿ ವಕೀಲ ಸಅದೂನ್ ಅಲ್ ಜನಾಬಿಯವರನ್ನು ಅಪಹರಿಸಿ ಕೊಲ್ಲಲಾಯಿತು. ನವೆಂಬರ್‌ನಲ್ಲಿ ಆದಿಲ್ ಅಝ್ಝುಬೈದಿ ಹತರಾದರು. 2006ರ ಜೂನ್‌ನಲ್ಲಿ ಖಮೀಸ್ ಅಲ್ ಉಬೈದಿಯವರನ್ನು ಕೊಲ್ಲಲಾಯಿತು. ಒಂದೇ ಮೊಕದ್ದಮೆಯಲ್ಲಿ ಮೂವರು ವಕೀಲರು ಕೊಲೆಯಾದ ಮೇಲೂ ವಿಚಾರಣೆಯನ್ನು ಸುರಕ್ಷಿತ ಸ್ಥಳಕ್ಕೆ ವರ್ಗಾಯಿಸಲಿಲ್ಲ. ಮುಖ್ಯ ನ್ಯಾಯಾಧೀಶ ರಿಝ್ಗಾರ್ ಮುಹಮ್ಮದ್ ಅಮೀನ್ ಆರೋಪಿಗಳೊಂದಿಗೆ ಸೌಜನ್ಯದಿಂದ ನಡೆದುಕೊಳ್ಳುತ್ತಿದ್ದರು. ‘ಇಷ್ಟು ಮೃದುತ್ವ ಏಕೆ?’ ಎಂಬ ಒತ್ತಡ ಸರಕಾರದ ಕಡೆಯಿಂದ ಬಂದುದರಿಂದ ಅವರು 2006ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬರಬೇಕಾಗಿದ್ದ ನ್ಯಾಯಾಧೀಶರಿಗೆ ಬಾಥ್ ಪಕ್ಷದ ನಂಟಿನ ಆರೋಪ ಹೊರಿಸಿ ತಡೆಯಲಾಯಿತು. ಕೊನೆಗೆ ಪೀಠಕ್ಕೆ ಬಂದವರು ರವೂಫ್ ರಶೀದ್ ಅಬ್ದುರ್ರಹ್ಮಾನ್. ಅವರ ಊರು ಹಲಬ್ಜ! ಅವರ ನೋವನ್ನು ಗೌರವಿಸೋಣ. ಆದರೆ ಆ ನೋವು ಅವರನ್ನು ಸಾಕ್ಷಿಯ ಸ್ಥಾನಕ್ಕೆ ಅರ್ಹರನ್ನಾಗಿಸುತ್ತದೆಯೇ ಹೊರತು ನ್ಯಾಯಾಧೀಶರ ಸ್ಥಾನಕ್ಕಲ್ಲ. ಅನ್ಫಾಲ್ ಪ್ರಕರಣದ ನ್ಯಾಯಾಧೀಶ ಅಬ್ದುಲ್ಲಾ ಅಲ್ ಆಮಿರಿ, ‘ನೀವು ಸರ್ವಾಧಿಕಾರಿಯಾಗಿರಲಿಲ್ಲ’ ಎಂದು ಸದ್ದಾಮ್‌ಗೆ ಹೇಳಿದಾಗ ಸರಕಾರ ಅವರನ್ನು ಪೀಠದಿಂದಲೇ ಇಳಿಸಿತು. ಆ ಮಾತು ಖಂಡಿತ ತಪ್ಪಾಗಿತ್ತು. ಆದರೆ ನ್ಯಾಯಾಧೀಶನ ಮಾತು ಹಿಡಿಸದಿದ್ದಾಗ ಮಂತ್ರಿಮಂಡಲವು ಅವನನ್ನು ಬದಲಾಯಿಸಬಹುದಾದರೆ ಅಲ್ಲಿ ಉಳಿಯುವುದು ಸರಕಾರದ ಕಚೇರಿ ಮಾತ್ರ.

2006ರ ನವೆಂಬರ್ 5ರಂದು ಮರಣದಂಡನೆಯ ತೀರ್ಪು ಹೊರಬಿತ್ತು. ಅದು ಅಮೆರಿಕದ ಸಂಸತ್ ಚುನಾವಣೆಗೆ ಕೇವಲ ಎರಡು ದಿನಗಳ ಮುಂಚೆ. ಕಾರಣಗಳನ್ನು ವಿವರಿಸುವ ಪೂರ್ಣ ತೀರ್ಪು ಪ್ರತಿವಾದಿಗಳ ಕೈಸೇರಿದ್ದು ಎರಡು ವಾರಗಳಿಗೂ ಹೆಚ್ಚು ತಡವಾಗಿ. ಹೀಗೆ 30 ದಿನಗಳ ಮೇಲ್ಮನವಿಯ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದಾಗಲೇ ಕಳೆದುಹೋಗಿತ್ತು. ಡಿಸೆಂಬರ್ 26ಕ್ಕೆ ಮೇಲ್ಮನವಿ ವಜಾ ಆಯಿತು. ನಾಲ್ಕೇ ದಿನಗಳಲ್ಲಿ ಗಲ್ಲು. ತಾಹಾ ಯಾಸೀನ್ ರಮದಾನ್‌ಗೆ ಕೆಳಗಿನ ಪೀಠ ಜೀವಾವಧಿ ಶಿಕ್ಷೆ ಕೊಟ್ಟಿದ್ದರೆ, ಅದು ಸಾಲದೆಂದು ಮೇಲ್ಮನವಿ ಪೀಠವೇ ಅಭಿಪ್ರಾಯಪಟ್ಟಿತು. 2007ರ ಮಾರ್ಚ್‌ನಲ್ಲಿ ಅವರನ್ನೂ ನೇಣಿಗೇರಿಸಲಾಯಿತು. ಸದ್ದಾಮ್ ಆಡಳಿತದ ಕ್ರೌರ್ಯಗಳನ್ನು ವರ್ಷಗಟ್ಟಲೆ ದಾಖಲಿಸಿ ಜಗತ್ತಿಗೆ ತಿಳಿಸಿದ್ದ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯೇ ಈ ವಿಚಾರಣೆಯಲ್ಲಿ ಗಂಭೀರ ದೋಷಗಳಿವೆಯೆಂದೂ ತೀರ್ಪು ಊರ್ಜಿತವಾಗದೆಂದೂ ವರದಿ ಮಾಡಿತು. ಅಕ್ರಮ ಬಂಧನಗಳ ಕುರಿತಾದ ವಿಶ್ವಸಂಸ್ಥೆಯ ತಜ್ಞರ ಗುಂಪು ಕೂಡ ಅದೇ ತೀರ್ಮಾನಕ್ಕೆ ಬಂದಿತ್ತು. ಇವರಾರೂ ಸದ್ದಾಮ್‌ರ ಅಭಿಮಾನಿಗಳಲ್ಲ.

ಇದರಿಂದ ನಷ್ಟವಾದುದು ಯಾರಿಗೆ? ಸದ್ದಾಮ್‌ಗೆ ಎನ್ನುವುದಕ್ಕಿಂತ ಹೆಚ್ಚಾಗಿ ಅವರ ಬಲಿಪಶುಗಳಿಗೆ. ಗಲ್ಲಿನ ದಿನ ಅನ್ಫಾಲ್ ವಿಚಾರಣೆ ಅರ್ಧದಲ್ಲಿತ್ತು. ಸದ್ದಾಮ್ ಸತ್ತೊಡನೆ ಅವರ ಮೇಲಿನ ಆರೋಪಗಳು ಕೈಬಿಡಲ್ಪಟ್ಟವು. ಹಲಬ್ಜದ ವಿಚಾರಣೆ ಇನ್ನೂ ಪ್ರಾರಂಭವೇ ಆಗಿರಲಿಲ್ಲ. ಲಕ್ಷಾಂತರ ಕುರ್ದರ ದುಃಖಕ್ಕೆ ಕಾರಣನಾದವನು ಆ ದುಃಖಕ್ಕೆ ಉತ್ತರಿಸದೆಯೇ ಈ ಲೋಕದಿಂದ ಹೊರಟುಹೋದ. ಇಷ್ಟೊಂದು ಅವಸರ ಏಕಿತ್ತು? ವಿಷಾನಿಲದ ಮೊಕದ್ದಮೆ ಪೂರ್ಣವಾಗಿ ನಡೆದಿದ್ದರೆ, ಅದರ ಕಚ್ಚಾವಸ್ತು ಎಲ್ಲಿಂದ ಬಂತು, ಆ ದಿನಗಳಲ್ಲಿ ಬಗ್ದಾದಿಗೆ ಸ್ನೇಹಹಸ್ತ ಚಾಚಿದವರಾರು ಎಂಬ ಪ್ರಶ್ನೆಗಳು ಏಳುತ್ತಿದ್ದವು. 1983ರ ಡಿಸೆಂಬರ್ 20ರಂದು ಅಮೆರಿಕದ ಅಧ್ಯಕ್ಷರ ದೂತನಾಗಿ ಬಗ್ದಾದಿಗೆ ಹೋಗಿ ಸದ್ದಾಮ್‌ರ ಕೈ ಕುಲುಕಿದ್ದವರು ಡೊನಾಲ್ಡ್ ರಮ್ಸ್‌ಫೆಲ್ಡ್. 2003ರ ದಾಳಿಯ ಸಮಯದಲ್ಲಿ ಅಮೆರಿಕದ ರಕ್ಷಣಾ ಸಚಿವರಾಗಿದ್ದವರೂ ಅವರೇ. ಆರೋಪಿಯ ಬಾಯಿ ಮುಚ್ಚಿದ್ದರಿಂದ ಅನುಕೂಲವಾದುದು ಯಾರಿಗೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ನ್ಯಾಯಸಮ್ಮತ ವಿಚಾರಣೆ ಅಸಾಧ್ಯವಾಗಿತ್ತೆಂದು ಹೇಳುವಂತಿಲ್ಲ. ಸದ್ದಾಮ್ ಆಡಳಿತಕ್ಕೆ ರಾಸಾಯನಿಕಗಳನ್ನು ಪೂರೈಸಿದ ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್‌ನನ್ನು ಹೇಗ್ ನಗರದ ನ್ಯಾಯಾಲಯವು 2005ರ ಡಿಸೆಂಬರ್‌ನಲ್ಲಿ ಯುದ್ಧಾಪರಾಧದಲ್ಲಿ ಪಾಲುದಾರನೆಂದು ತೀರ್ಮಾನಿಸಿ 15 ವರ್ಷ ಸೆರೆವಾಸ ವಿಧಿಸಿತು. ಕುರ್ದರ ವಿರುದ್ಧ ನಡೆದದ್ದು ನರಮೇಧವೆಂದು ಆ ನ್ಯಾಯಾಲಯವು ಸಾಕ್ಷ್ಯಗಳ ಆಧಾರದಲ್ಲಿ ಹೇಳಿತು. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ನ ವಿಚಾರಣೆ ಸಿಯೆರಾ ಲಿಯೋನ್‌ನಲ್ಲಿ ನಡೆದರೆ ಅಪಾಯವೆಂದು ಅದನ್ನು ಹೇಗ್‌ಗೆ ವರ್ಗಾಯಿಸಲಾಯಿತು. 2012ರಲ್ಲಿ ಆತನಿಗೆ 50 ವರ್ಷಗಳ ಶಿಕ್ಷೆಯಾಯಿತು.

ಬೋಸ್ನಿಯಾದ ಉದಾಹರಣೆ ನಮಗೆ ಇನ್ನಷ್ಟು ಹತ್ತಿರದ್ದು. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ 8 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರನ್ನೂ ಬಾಲಕರನ್ನೂ ಕೊಂದ ಪ್ರಕರಣದಲ್ಲಿ ರದೋವಾನ್ ಕರಾಜಿಚ್ ಮತ್ತು ರಾಟ್ಕೋ ಮ್ಲಾದಿಚ್‌ರ ವಿಚಾರಣೆ ವರ್ಷಗಟ್ಟಲೆ ನಡೆಯಿತು. ನೂರಾರು ಸಾಕ್ಷಿಗಳು ಬಂದರು. ಆರೋಪಿಗಳಿಗೆ ವಾದಿಸಲು ಪೂರ್ಣ ಅವಕಾಶ ಸಿಕ್ಕಿತು. ಮರಣದಂಡನೆಯೂ ಇರಲಿಲ್ಲ. ಆಗ ಹಲವರು ‘ಇಷ್ಟೊಂದು ತಾಳ್ಮೆ ಯಾಕೆ?’ ಎಂದು ಸಿಡಿಮಿಡಿಗೊಂಡಿದ್ದರು. ಯುಗೊಸ್ಲಾವಿಯಾದ ಪದಚ್ಯುತ ಅಧ್ಯಕ್ಷ ಸ್ಲೊಬೊದಾನ್ ಮಿಲೊಶೆವಿಚ್ ತೀರ್ಪು ಬರುವ ಮೊದಲೇ 2006ರ ಮಾರ್ಚ್‌ನಲ್ಲಿ ಸೆರೆಯಲ್ಲಿ ಸತ್ತಾಗ ಆ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಆದರೆ ಇಂದು ಸ್ರೆಬ್ರೆನಿತ್ಸಾದ ನರಮೇಧವನ್ನು ಅಲ್ಲಗಳೆಯುವವನು ಸಾವಿರಾರು ಪುಟಗಳ ಸಾಕ್ಷ್ಯದ ಎದುರು ನಿಲ್ಲಬೇಕಾಗುತ್ತದೆ. ಆ ತಾಳ್ಮೆಯ ಫಲ ದೊರೆತದ್ದು ಕೊಲೆಗಡುಕರಿಗಲ್ಲ, ಸ್ರೆಬ್ರೆನಿತ್ಸಾದ ವಿಧವೆಯರಿಗೆ. ದುಜೈಲಿನ ವಿಧವೆಯರಿಗೆ ಅಂತಹ ದಾಖಲೆಯನ್ನು ಕೊಡುವ ಬದಲು ಒಂದು ಮೊಬೈಲ್ ವೀಡಿಯೊ ಕೊಡಲಾಯಿತು. ಅದನ್ನು ನೋಡಿದ ಜಗತ್ತು ಕೊಂದವನ ಬಗ್ಗೆಯೇ ಮರುಗಿತು.

ಗೆದ್ದವರು ಸೋತವರನ್ನು ವಿಚಾರಿಸುವುದರ ಕುರಿತು ನಮ್ಮ ದೇಶದವರೊಬ್ಬರು ಬಹಳ ಹಿಂದೆಯೇ ಎಚ್ಚರಿಸಿದ್ದರು. ಎರಡನೇ ಮಹಾಯುದ್ಧದ ಬಳಿಕ ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೊ ನ್ಯಾಯಮಂಡಳಿಯಲ್ಲಿ ಭಾರತದ ರಾಧಾಬಿನೋದ್ ಪಾಲ್ ಒಬ್ಬ ನ್ಯಾಯಾಧೀಶರಾಗಿದ್ದರು. 1948ರಲ್ಲಿ ಅವರು ಭಿನ್ನ ತೀರ್ಪು ಬರೆದು ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದರು. ಜಪಾನೀ ಸೇನೆ ಕ್ರೌರ್ಯ ನಡೆಸಿಲ್ಲವೆಂದು ಅವರು ಹೇಳಲಿಲ್ಲ. ಅದು ನಡೆದದ್ದನ್ನು ಒಪ್ಪಿಕೊಂಡರು. ಗೆದ್ದವರು ತಾವೇ ರಚಿಸಿದ ಕಾನೂನಿನಿಂದ ಸೋತವರನ್ನು ಮಾತ್ರ ಅಳೆಯುವುದು ನ್ಯಾಯವಲ್ಲ ಎಂಬುದು ಅವರ ವಾದವಾಗಿತ್ತು. ಆದರೆ ಮುಂದೆ ಜಪಾನಿನ ಉಗ್ರ ರಾಷ್ಟ್ರೀಯವಾದಿಗಳು ಆ ತೀರ್ಪನ್ನು ತಮ್ಮ ಸೇನೆಯ ಕೈಗಳನ್ನು ತೊಳೆಯುವ ನೀರಾಗಿ ಬಳಸಿಕೊಂಡರು. ವಿಚಾರಣೆಯನ್ನು ವಿರೋಧಿಸುವವರು ಎಚ್ಚರದಿಂದಿರದಿದ್ದರೆ ಅವರ ಮಾತು ಅಪರಾಧಿಯ ಪರವಾದ ಸಾಕ್ಷ್ಯವಾಗಿ ಬಳಕೆಯಾಗುತ್ತದೆ ಎಂಬ ಪಾಠವೂ ಇದರಲ್ಲಿದೆ. ಸದ್ದಾಮ್‌ರ ಭಾವಚಿತ್ರ ಹಿಡಿದು ಬೀದಿಗಿಳಿದವರು ಆ ಪಾಠವನ್ನು ಮರೆತರು.

ಇಸ್ಲಾಮಿನ ನ್ಯಾಯ ಕಲ್ಪನೆಯಲ್ಲಿ ಈ ವಿಷಯದಲ್ಲಿ ಯಾವುದೇ ಗೊಂದಲವಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಚಲಿತಗೊಳಿಸದಿರಲಿ ಎಂಬ ಆಜ್ಞೆ ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದಲ್ಲಿದೆ. ಅದು ಪ್ರೀತಿಪಾತ್ರರ ಕುರಿತಾದ ಆಜ್ಞೆಯಲ್ಲ, ಶತ್ರುಗಳ ಕುರಿತಾದುದು. ಕೋಪದಲ್ಲಿರುವಾಗ ತೀರ್ಪು ನೀಡಬಾರದೆಂದೂ, ಎರಡೂ ಪಕ್ಷಗಳ ಮಾತು ಕೇಳುವ ತನಕ ತೀರ್ಮಾನಕ್ಕೆ ಬರಬಾರದೆಂದೂ ಪ್ರವಾದಿ(ಸ) ಕಲಿಸಿದರು. ಇದೇ ಇರಾಕಿನ ಕೂಫಾ ನಗರದಲ್ಲಿ ಖಾಝಿ ಶುರೈಹ್‌ರ ಮುಂದೆ ಖಲೀಫ ಹಝ್ರತ್ ಅಲಿ(ರ) ಒಂದು ಕವಚಕ್ಕಾಗಿ ಸಾಮಾನ್ಯ ಪ್ರಜೆಯ ಸಮಕ್ಕೆ ನಿಂತರೆಂದೂ, ಸಾಕಷ್ಟು ಸಾಕ್ಷ್ಯವಿಲ್ಲದೆ ಮೊಕದ್ದಮೆ ಸೋತರೆಂದೂ ಹೇಳುವ ವೃತ್ತಾಂತ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆಳುವವನು ನ್ಯಾಯಾಧೀಶನನ್ನು ನೇಮಿಸಬಹುದು, ತೀರ್ಪನ್ನು ನಿರ್ದೇಶಿಸುವಂತಿಲ್ಲ.

ಇಮಾಮ್ ಅಬೂ ಹನೀಫಾ(ರ) ಅವರ ಬದುಕು ಇನ್ನೂ ಹೆಚ್ಚನ್ನು ಹೇಳುತ್ತದೆ. ಖಲೀಫ ಮನ್ಸೂರ್ ನೀಡಿದ ಖಾಝಿ ಹುದ್ದೆಯನ್ನು ಅವರು ನಿರಾಕರಿಸಿದರು. ಅಧಿಕಾರದ ಇಚ್ಛೆಗೆ ತಮ್ಮ ತೀರ್ಪು ಬಾಗಬೇಕಾದೀತೆಂಬ ಭಯವೇ ಅದಕ್ಕೆ ಕಾರಣವೆಂದು ಚರಿತ್ರೆಕಾರರು ಹೇಳುತ್ತಾರೆ. ಅದಕ್ಕಾಗಿ ಸೆರೆಮನೆ ಸೇರಿ, ಹಿ. 150ರಲ್ಲಿ ಬಗ್ದಾದಿನಲ್ಲೇ ಕಣ್ಣುಮುಚ್ಚಿದರು. ಅವರ ಮಸೀದಿ ತಿಗ್ರಿಸ್ ನದಿಯ ಪೂರ್ವದಂಡೆಯ ಅಅ್‌ಝಮಿಯ್ಯಃದಲ್ಲಿದೆ. ಎದುರು ದಂಡೆಯಲ್ಲಿರುವುದೇ ಕಾಝಿಮಿಯ್ಯಃ. ಅಲ್ಲಿ ಖಲೀಫ ಹಾರೂನ್ ರಶೀದರ ಸೆರೆಯಲ್ಲಿ ಮರಣಹೊಂದಿದ ಇಮಾಮ್ ಮೂಸಾ ಅಲ್ ಕಾಝಿಮರ ಸಮಾಧಿಯಿದೆ. ಸುನ್ನಿಗಳೂ ಶಿಯಾಗಳೂ ಗೌರವಿಸುವ ಇಬ್ಬರು ಮಹನೀಯರು ಅಧಿಕಾರದ ಅನ್ಯಾಯಕ್ಕೆ ಬಲಿಯಾದ ಎರಡು ದಂಡೆಗಳವು. ಸದ್ದಾಮ್ ತಮ್ಮ ಪತನದ ದಿನ ಕೊನೆಯದಾಗಿ ಸಾರ್ವಜನಿಕವಾಗಿ ಕಾಣಿಸಿಕೊಂಡದ್ದು ಅಅ್‌ಝಮಿಯ್ಯಃದಲ್ಲಿ. ಗಲ್ಲಿಗೇರಿದ್ದು ಎದುರು ದಂಡೆಯಲ್ಲಿ, ಒಂದು ಕಾಲದಲ್ಲಿ ಅವರದೇ ಗುಪ್ತಚರ ಇಲಾಖೆ ಜನರನ್ನು ಕೊಲ್ಲುತ್ತಿದ್ದ ಕಟ್ಟಡದಲ್ಲಿ. ಆಳುವವರು ಬದಲಾದರು. ಕಟ್ಟಡದ ಕೆಲಸ ಬದಲಾಗಲಿಲ್ಲ.

‘ಸದ್ದಾಮ್ ತನ್ನ ಬಲಿಪಶುಗಳಿಗೆ ನ್ಯಾಯಸಮ್ಮತ ವಿಚಾರಣೆ ಕೊಟ್ಟಿದ್ದನೇ?’ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಕೊಟ್ಟಿರಲಿಲ್ಲ. ಅದಕ್ಕಾಗಿಯೇ ಅವನನ್ನು ನಾವು ಅಕ್ರಮಿ ಎನ್ನುವುದು. ಅಕ್ರಮಿಯ ಅಳತೆಗೋಲನ್ನೇ ಎರವಲು ಪಡೆದು ಅವನನ್ನು ಅಳೆದರೆ ಅವನಿಗೂ ನಮಗೂ ಇರುವ ವ್ಯತ್ಯಾಸವೇನು? ಇನ್ನು ಕೆಲವರು, ‘ಆತ ಮುಸ್ಲಿಮನಾದ್ದರಿಂದ ನಿಮಗೆ ಈ ಕಳಕಳಿ’ ಎನ್ನುತ್ತಾರೆ. ದುಜೈಲಿನಲ್ಲಿ ಸತ್ತವರೂ ಮುಸ್ಲಿಮರೇ, ಹಲಬ್ಜದಲ್ಲಿ ಸತ್ತವರೂ ಮುಸ್ಲಿಮರೇ. ಹೆಸರಿಗಾಗಿ ಪಕ್ಷ ವಹಿಸುವುದಾದರೆ ನಾವು ಅವರ ಪಕ್ಷವನ್ನೇ ವಹಿಸಬೇಕಾಗಿತ್ತು. ಮರಣದಂಡನೆಯೆಂಬ ಶಿಕ್ಷೆಯ ಕುರಿತೂ ನಮ್ಮ ಆಕ್ಷೇಪವಲ್ಲ. ಆದರೆ ಮರಳಿ ಕೊಡಲಾಗದ ಜೀವವನ್ನು ತೆಗೆಯುವ ಅಧಿಕಾರವು ಎಷ್ಟು ದೊಡ್ಡದೋ, ಅದಕ್ಕೆ ಮುಂಚಿನ ವಿಚಾರಣೆಯ ಶುದ್ಧಿಯೂ ಅಷ್ಟೇ ದೊಡ್ಡದಾಗಿರಬೇಕು.

ಪ್ರತಿಭಟನೆಯ ರೀತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಂದು ಭಾರತ ಸರಕಾರವೂ ಗಲ್ಲಿನ ಕುರಿತು ನಿರಾಶೆ ವ್ಯಕ್ತಪಡಿಸಿತ್ತು. ಪ್ರತಿಭಟಿಸುವ ಹಕ್ಕು ನಮಗೆ ಖಂಡಿತ ಇತ್ತು. ಆದರೆ 2007ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರತಿಭಟನೆಯ ವೇಳೆ ಶಿವಾಜಿನಗರದ ಸುತ್ತಮುತ್ತ ಕಲ್ಲುತೂರಾಟ ನಡೆದು ಅಂಗಡಿಗಳಿಗೆ, ವಾಹನಗಳಿಗೆ ಹಾನಿಯಾಯಿತು. ಒಂದೆರಡು ದಿನಗಳಲ್ಲಿ ಅದು ಕೋಮುಗಲಭೆಯ ರೂಪ ತಾಳಿತು, ಕರ್ಫ್ಯೂ ಹೇರಲಾಯಿತು, ಜೀವಹಾನಿಯೂ ಆಯಿತು. ಬಗ್ದಾದಿನ ಅನ್ಯಾಯಕ್ಕೆ ಬೆಂಗಳೂರಿನ ಬಡ ವ್ಯಾಪಾರಿಯೇಕೆ ದಂಡ ತೆರಬೇಕು? ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಶಿಕ್ಷಿಸುವುದು ದುಜೈಲಿನಲ್ಲಿ ಸದ್ದಾಮ್ ಮಾಡಿದ ಕೆಲಸ. ಕಲ್ಲು ಯಾರ ಕೈಯಿಂದ ಹೊರಟಿದ್ದರೂ ಅದರಿಂದ ಆ ವಿಚಾರಣೆಯ ದೋಷಗಳ ಕುರಿತ ಚರ್ಚೆ ಅಲ್ಲಿಗೇ ಮುಗಿದುಹೋಯಿತು. ಉಳಿದದ್ದು ಗಲಭೆಯ ಸುದ್ದಿ ಮಾತ್ರ.

ಹಾಗಾದರೆ ಇಷ್ಟು ವರ್ಷಗಳ ಬಳಿಕ ಇದನ್ನು ನೆನೆಯುವುದೇಕೆ? ಏಕೆಂದರೆ ಆ ವಿಚಾರಣೆಯಲ್ಲಿ ಬಿತ್ತಿದ ಬೀಜ ಇಂದು ಮರವಾಗಿದೆ. ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2002ರಲ್ಲಿ ಅಸ್ತಿತ್ವಕ್ಕೆ ಬಂದ ವರ್ಷವೇ, ತನ್ನ ಸೈನಿಕರನ್ನು ಅಲ್ಲಿಂದ ಬಿಡಿಸಿಕೊಳ್ಳಲು ಅಗತ್ಯವಿರುವ ಎಲ್ಲ ಕ್ರಮಗಳಿಗೆ ಅವಕಾಶ ನೀಡುವ ಕಾನೂನನ್ನು ಅಮೆರಿಕ ಮಾಡಿಕೊಂಡಿತು. ಇರಾಕ್ ಯುದ್ಧ ಕೊನೆಯ ಆಯ್ಕೆಯಾಗಿರಲಿಲ್ಲವೆಂದು ಬ್ರಿಟನ್‌ನ ಚಿಲ್ಕಾಟ್ ತನಿಖಾ ವರದಿ 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಆ ಯುದ್ಧವನ್ನು ಸಾರಿದ ಯಾರೂ ಯಾವ ಕಟಕಟೆಯಲ್ಲೂ ನಿಲ್ಲಲಿಲ್ಲ. 2024ರ ನವೆಂಬರ್‌ನಲ್ಲಿ ಗಾಝಾದ ವಿಷಯದಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ವಿರುದ್ಧ ಅದೇ ನ್ಯಾಯಾಲಯ ಬಂಧನ ವಾರಂಟ್ ಹೊರಡಿಸಿದಾಗ, ಮರುವರ್ಷ ಅಮೆರಿಕ ಆ ನ್ಯಾಯಾಲಯದ ಅಧಿಕಾರಿಗಳ ಮೇಲೆಯೇ ದಿಗ್ಬಂಧನ ಹೇರಿತು. ಸೋತವನಿಗೆ ಗಲ್ಲು, ಗೆದ್ದವನಿಗೆ ರಕ್ಷಣೆ ಎಂಬ ನಿಯಮವನ್ನು ಬಗ್ದಾದಿನಲ್ಲಿ ಒಪ್ಪಿಕೊಂಡ ಜಗತ್ತಿಗೆ ಗಾಝಾದ ವಿಷಯದಲ್ಲಿ ದನಿಯೆತ್ತುವುದು ಸುಲಭವಲ್ಲ.

ಆದರೆ ನಮ್ಮ ದನಿಯೂ ಒಂದೇ ತೂಕದ್ದಾಗಿರಬೇಕು. ನೆತನ್ಯಾಹುಗೆ ವಿಚಾರಣೆ ಬೇಕೆನ್ನುವವರು ಸದ್ದಾಮ್‌ಗೂ ವಿಚಾರಣೆ ಬೇಕಿತ್ತೆಂದು ಹೇಳಬೇಕು. ಸದ್ದಾಮ್‌ಗೆ ನ್ಯಾಯಸಮ್ಮತ ವಿಚಾರಣೆ ಸಿಗಲಿಲ್ಲವೆನ್ನುವವರು, ನಾಳೆ ನಾವು ಅತ್ಯಂತ ದ್ವೇಷಿಸುವ ವ್ಯಕ್ತಿ ಕಟಕಟೆಯಲ್ಲಿ ನಿಂತಾಗ ಅವನಿಗೂ ವಕೀಲ, ಸಾಕ್ಷಿ, ಮೇಲ್ಮನವಿ ಎಲ್ಲವೂ ಸಿಗಲಿ ಎನ್ನಬೇಕು. ಸ್ವಂತದವರ ವಿರುದ್ಧವಾಗಿದ್ದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ನಮಗೆ ಆದೇಶಿಸಲಾಗಿದೆ. ಸದ್ದಾಮ್‌ರ ಲೆಕ್ಕ ಈಗ ಯಾವ ಆಕ್ರಮಣಕಾರಿಯೂ ನ್ಯಾಯಾಧೀಶನನ್ನು ಬದಲಾಯಿಸಲಾಗದ ನ್ಯಾಯಾಲಯದಲ್ಲಿದೆ. ದುಜೈಲಿನ 148 ಮಂದಿಯೂ, ಹಲಬ್ಜದ ಮಕ್ಕಳೂ ಅಲ್ಲಿ ಹಾಜರಿರುವರು. ಅವರನ್ನು ಮರೆತು ಸದ್ದಾಮ್‌ರಿಗಾಗಿ ಮಾತ್ರ ಅಳುವವರೂ, ಅವರ ಹೆಸರಿನಲ್ಲಿ ನ್ಯಾಯವನ್ನು ಗಲ್ಲಿಗೇರಿಸಿದವರೂ ಅಲ್ಲಿ ಉತ್ತರ ಕೊಡಬೇಕಾಗುವುದು. ನಾವು ಆ ಎರಡೂ ಗುಂಪುಗಳಲ್ಲಿ ಸೇರದಿರುವಂತೆ ಅಲ್ಲಾಹನು ಅನುಗ್ರಹಿಸಲಿ.